ಹಳೆಯ ಕಪಾಟಿನ ಬಾಗಿಲಿಗೆ ಹೊಸ ಪಟ್ಟಿ

ಕಾಫಿ ಕೊಯ್ಲು ಮುಗಿದು, ಒಣಗಿದ ಕಾಯಿ ಮೂಟೆ ಕಟ್ಟಿ ಕ್ಯೂರಿಂಗ್‌ಗೆ ಹೊರಟ ಮೇಲೆ ಹೂಮಳೆ ಬೀಳುವ ತನಕ ಬೆಳೆಗಾರನಿಗೆ ಒಂದಷ್ಟು ಬಿಡುವು. ಅಡಿಕೆಯವರಿಗೂ ಆ ಹೊತ್ತಿಗೆ ಸುಲಿತದ ಗಡಿಬಿಡಿ ಇಳಿದಿರುತ್ತದೆ. ಮನೆಯ ರಿಪೇರಿಯ ಕಡೆ ಕಣ್ಣು ಹೋಗುವುದು ಆಗಲೇ.

2024ರಲ್ಲಿ ಕಾಫಿ ಧಾರಣೆ ಹಿಂದೆಂದೂ ಕಾಣದ ಎತ್ತರಕ್ಕೆ ಏರಿದ ಮೇಲೆ ನಮ್ಮ ಕಡೆ ಅನೇಕ ಮನೆಗಳ ಅಡುಗೆಕೋಣೆಗಳು ಬದಲಾಗಿವೆ. ಸಂತೋಷವೇ. ಆದರೆ ಅದರ ಇನ್ನೊಂದು ಮುಖವನ್ನೂ ಸಂಘದ ಕಚೇರಿಯಲ್ಲಿ ಕುಳಿತ ನಾವು ನೋಡಿದ್ದೇವೆ. ಸದಸ್ಯರೊಬ್ಬರು ತಂದೆಯ ಕಾಲದ ಹಲಸಿನ ಹಲಗೆಯ ಕಪಾಟಿನ ಬಾಗಿಲುಗಳನ್ನೆಲ್ಲ ಕಿತ್ತು ಹಳೇ ಸಾಮಾನಿನವನಿಗೆ ಸಿಕ್ಕಿದ ಬೆಲೆಗೆ ಕೊಟ್ಟರು. ಆ ಜಾಗದಲ್ಲಿ ಪೇಟೆಯಿಂದ ಬಂದ ಸಿದ್ಧ ಅಡುಗೆಮನೆ ಕೂತಿತು. ಹೊಟ್ಟನ್ನು ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡು, ಮೇಲೆ ಹೊಳೆಯುವ ಹಾಳೆ. ಎರಡನೆಯ ಮಳೆಗಾಲಕ್ಕೆ ಸಿಂಕಿನ ಕೆಳಗಿನ ಬಾಗಿಲುಗಳ ಅಂಚು ನೆನೆದ ಅವಲಕ್ಕಿಯಂತೆ ಉಬ್ಬಿತು, ತಿರುಗಣಿಯ ಸ್ಕ್ರೂ ಕಿತ್ತುಬಂತು. ಅದಕ್ಕೆ ಸುರಿದ ಹಣದಲ್ಲಿ ಒಂದು ಪಾಲು ಬೆಳೆಸಾಲದ್ದು. ವಾಯಿದೆ ಹತ್ತಿರ ಬಂದಾಗ ಅವರು ನಮ್ಮ ಮೇಜಿನ ಎದುರು ಬಹಳ ಹೊತ್ತು ಮಾತಾಡದೆ ಕುಳಿತಿದ್ದರು. ಹೆಸರು ಇಲ್ಲಿ ಬೇಡ. ಬೆಳೆಸಾಲ ಬೆಳೆಗೇ ಎಂದು ನಾವು ಮಹಾಸಭೆಯಲ್ಲಿ ಪ್ರತಿವರ್ಷ ಹೇಳುವುದು ಸುಮ್ಮನೆ ಅಲ್ಲ. ವಾಯಿದೆ ಮೀರಿದರೆ ಬಡ್ಡಿ ರಿಯಾಯಿತಿಯೂ ತಪ್ಪುತ್ತದೆ.

ಹಾಗೆಂದು ಮಸಿ ಹಿಡಿದ ಬಾಗಿಲನ್ನೇ ನೋಡುತ್ತ ಬದುಕಿ ಎಂದು ಹೆಂಗಸರಿಗೆ ಹೇಳುವ ಧೈರ್ಯ ನಮಗಿಲ್ಲ. "ಸಂಘದ ಕಚೇರಿಗೆ ವರ್ಷ ವರ್ಷ ಸುಣ್ಣಬಣ್ಣ ಆಗುತ್ತೆ. ಈ ಬಾಗಿಲುಗಳನ್ನ ನೀವು ಕಣ್ಣೆತ್ತಿ ನೋಡಿದ್ದು ಯಾವಾಗ?" ಎಂದು ನಮ್ಮ ಮನೆಯವರು ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ. ಬಾಗಿಲು ಬದಲಿಸದೆ, ಅದರ ಮುಖದ ಮೇಲೆ ನಾಲ್ಕು ಸುತ್ತ ತೆಳುವಾದ ಮರದ ಪಟ್ಟಿ ಕೂರಿಸಿ ಬಣ್ಣ ಕೊಟ್ಟರೆ ಸಪಾಟು ಬಾಗಿಲು ಚೌಕಟ್ಟು ಕಟ್ಟಿದ ಬಾಗಿಲಿನಂತೆ ಕಾಣುತ್ತದೆ. ಅದನ್ನೇ ಮಾಡಿದೆವು. ಮೊದಲನೆಯ ಸಲ ಕೆಡಿಸಿಯೂ ಕೊಂಡೆವು.

ನಮ್ಮಲ್ಲಿ ಬಾಗಿಲು ಎರಡು ಜಾತಿ. ಗೋಡೆ ಕಪಾಟಿನದು ಹಲಸಿನ ಹಲಗೆ. ಕಟ್ಟೆಯ ಕೆಳಗಿನದು ಆಮೇಲೆ ಮಾಡಿಸಿದ ಪ್ಲೈವುಡ್. ಈ ಭೇದವನ್ನು ನಾವು ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ. ಮಾರ್ಚಿಯಲ್ಲಿ ಎರಡಕ್ಕೂ ಒಂದೇ ರೀತಿ ಉದ್ದಕ್ಕೂ ಗೋಂದು ಬಳಿದು, ಮೂಲೆಗಳನ್ನು 45 ಡಿಗ್ರಿ ಓರೆಗೆ ಕೊಯ್ದು ಕೂರಿಸಿದೆವು. ನೋಡಿದವರೆಲ್ಲ ಹೊಗಳಿದರು. ಆಷಾಢದಲ್ಲಿ ಹಲಗೆ ಬಾಗಿಲಿನ ಅಡ್ಡಪಟ್ಟಿಗಳು ಒಂದೊಂದು ತುದಿಯಲ್ಲಿ ಎದ್ದವು, ಮೂಲೆಗಳು ಬಾಯಿ ಬಿಟ್ಟವು. ಒಂದು ಬಾಗಿಲಿನಲ್ಲಿ ಗೋಂದು ಬಿಡಲೇ ಇಲ್ಲ. ಬಾಗಿಲೇ ಬಿಲ್ಲಿನಂತೆ ಬಾಗಿ ಚೌಕಟ್ಟಿಗೆ ಕೂರದಾಯಿತು. ಪ್ಲೈವುಡ್ ಬಾಗಿಲುಗಳಿಗೆ ಏನೂ ಆಗಲಿಲ್ಲ.

ನಮ್ಮ ಹಳೆಯ ಆಚಾರಿಯನ್ನು ಕರೆಸಿದಾಗ ಅವರು ಬಾಗಿಲನ್ನು ಹಿಂದೆ ಮುಂದೆ ತಿರುವಿ ನೋಡಿ, "ಗೌಡ್ರೇ, ಅಡ್ಡಪಟ್ಟಿಗೆ ಈ ತುದಿಯಿಂದ ಆ ತುದಿಗೆ ಗೋಂದು ಹಾಕಿದ್ಯಾರು?" ಎಂದರು. ನಾವೇ ಎಂದು ಒಪ್ಪಿಕೊಳ್ಳಬೇಕಾಯಿತು.

ಕಾರಣ ಸರಳ. ಮರ ಗಾಳಿಯ ತೇವವನ್ನು ಹೀರಿ ಹಿಗ್ಗುತ್ತದೆ, ಒಣಹವೆಯಲ್ಲಿ ಕುಗ್ಗುತ್ತದೆ. ಆದರೆ ನಾರಿನ ಉದ್ದಕ್ಕೆ ಅಲ್ಲ, ಅಡ್ಡಕ್ಕೆ. ಬೇಸಿಗೆಯಲ್ಲಿ ಶೇ. 10ರ ಆಸುಪಾಸಿನಲ್ಲಿರುವ ಹಲಗೆಯ ತೇವಾಂಶ ಮಲೆನಾಡಿನ ಮುಂಗಾರಿನಲ್ಲಿ ಶೇ. 18-20ಕ್ಕೆ ಏರಬಹುದು. ಆಗ 18 ಅಂಗುಲ ಅಗಲದ ಹಲಗೆ ಬಾಗಿಲು ಕಾಲು ಅಂಗುಲದಷ್ಟು ಅಗಲವಾಗಬಲ್ಲದು. ಅಡ್ಡಪಟ್ಟಿಯ ನಾರು ಬಾಗಿಲಿನ ಅಗಲಕ್ಕೆ ಓಡುವುದರಿಂದ ಅದು ಉದ್ದವಾಗುವುದಿಲ್ಲ. ಇವೆರಡನ್ನು ಗೋಂದಿನಿಂದ ಕಟ್ಟಿಹಾಕಿದರೆ ಒಂದು ಸೋಲಲೇಬೇಕು. ಮಳೆಗಾಲದಲ್ಲಿ ಅಂಟಿಸಿದ್ದರೆ ಬೇಸಿಗೆಯಲ್ಲಿ ಹಲಗೆ ಸೀಳು ಬಿಡುತ್ತಿತ್ತು. ಪ್ಲೈವುಡ್ಡಿನಲ್ಲಿ ಪದರಗಳನ್ನು ಒಂದಕ್ಕೊಂದು ಅಡ್ಡವಾಗಿ ಅಂಟಿಸಿರುತ್ತಾರಾದ್ದರಿಂದ ಈ ಓಡಾಟ ಬಹಳ ಕಡಿಮೆ.

ಆಚಾರಿ ತೋರಿಸಿದ ಕ್ರಮ ಹೀಗೆ. ಹಲಗೆ ಬಾಗಿಲಿಗೆ ಅರ್ಧ ಅಂಗುಲ ದಪ್ಪದ ಪಟ್ಟಿ. ಮೇಲಿನ ಮತ್ತು ಕೆಳಗಿನ ಅಡ್ಡಪಟ್ಟಿಗಳು ಬಾಗಿಲಿನ ಅಗಲಕ್ಕೂ ಬರಬೇಕು; ನಿಲುಪಟ್ಟಿಗಳು ಅವುಗಳ ನಡುವೆ ಕೂರಬೇಕು. ನಿಲುಪಟ್ಟಿಯ ನಾರು ಹಲಗೆಯ ನಾರಿನ ದಿಕ್ಕಿಗೇ ಇರುವುದರಿಂದ ಪೂರ್ತಿ ಗೋಂದು ಹಾಕಬಹುದು. ಅಡ್ಡಪಟ್ಟಿಗೆ ಮಾತ್ರ ನಟ್ಟನಡುವೆ ಎರಡು ಅಂಗುಲದಷ್ಟೇ ಗೋಂದು. ಅದರ ತುದಿಗಳನ್ನು ಬಾಗಿಲಿನ ಹಿಂಬದಿಯಿಂದ ಸ್ಕ್ರೂವಿನಲ್ಲಿ ಹಿಡಿಯಬೇಕು. ಹಲಗೆಯಲ್ಲಿ ಕೊರೆಯುವ ತೂತು ದುಂಡಗಿರದೆ ಅಗಲದ ದಿಕ್ಕಿಗೆ ಉದ್ದವಾಗಿರಬೇಕು, ಸ್ಕ್ರೂ ತಲೆಯ ಕೆಳಗೆ ವಾಷರ್ ಇರಬೇಕು. ಹಲಗೆ ಹಿಗ್ಗಿದಾಗ ಸ್ಕ್ರೂ ಆ ತೂತಿನಲ್ಲಿ ಸರಿಯುತ್ತದೆ. ಓರೆ ಮೂಲೆಯ ಆಸೆಯನ್ನು ಇಲ್ಲಿ ಬಿಡತಕ್ಕದ್ದು.

ಪ್ಲೈವುಡ್ ಬಾಗಿಲಿಗೆ ಇಷ್ಟೆಲ್ಲ ಕಷ್ಟವಿಲ್ಲ. ಕಾಲು ಅಂಗುಲದ ಪಟ್ಟಿ, ಪೂರ್ತಿ ಗೋಂದು, ಗೋಂದು ಹಿಡಿಯುವ ತನಕ ತಲೆಯಿಲ್ಲದ ಸಣ್ಣ ಮೊಳೆ. ಸಾಧಾರಣ ಬಿಳಿ ಗೋಂದು ನೀರಿಗೆ ಸೋಲುತ್ತದೆ. ಸಿಂಕಿನ ಹತ್ತಿರ ನೀರು ತಡೆಯುವ ಜಾತಿಯದನ್ನೇ ಕೇಳಿ ತನ್ನಿ. ಲೆಕ್ಕಕ್ಕೆ ಹೇಳುವುದಾದರೆ, 18ಕ್ಕೆ 30 ಅಂಗುಲದ ಬಾಗಿಲಿಗೆ 2¼ ಅಂಗುಲ ಅಗಲದ ಪಟ್ಟಿ ಸುಮಾರು ಏಳೂಕಾಲು ಅಡಿ ಬೇಕು. ಎಂಟು ಬಾಗಿಲಿಗೆ 58 ಅಡಿ, ಕೊಯ್ತದ ನಷ್ಟ ಸೇರಿ 64 ಅಡಿ ಇಟ್ಟುಕೊಳ್ಳಿ.

ಕೀಲಿನ ಬದಿಯಲ್ಲಿ ಒಂದು ಎಚ್ಚರ. ಪಟ್ಟಿಯನ್ನು ಅಂಚಿನ ತನಕ ತಂದರೆ ಬಾಗಿಲು ಅರ್ಧಕ್ಕೆ ತೆರೆದು ಚೌಕಟ್ಟಿಗೆ ತಾಗಿ ನಿಲ್ಲುತ್ತದೆ. ಪಟ್ಟಿಯ ದಪ್ಪದಷ್ಟು ಒಳಗೆ ಸರಿಸಿ ಕೂರಿಸಿದರೆ ಈ ತೊಂದರೆ ಇಲ್ಲ.

ಪಟ್ಟಿಗೆ ಮರ ಎಲ್ಲಿಂದ? ತೋಟದಲ್ಲೇ ಇದೆ. ಮುರಿದು ಬಿದ್ದ ಒಂದು ಸಿಲ್ವರ್ ಓಕ್ ಮರ ಧಾರಾಳವಾಗಿ ಸಾಕು. 1976ರ ಕರ್ನಾಟಕ ಮರ ಸಂರಕ್ಷಣಾ ಕಾಯಿದೆಯಲ್ಲಿ ಕಡಿಯಲು ಅನುಮತಿ ಬೇಡವೆಂದು ಬಿಟ್ಟ ಜಾತಿಗಳಲ್ಲಿ ಸಿಲ್ವರ್ ಓಕ್ ಸೇರಿದೆ; ಆದರೂ ಮಿಲ್ಲಿಗೆ ಸಾಗಿಸುವ ಮೊದಲು ವಲಯ ಅರಣ್ಯ ಕಚೇರಿಯಲ್ಲಿ ವಿಚಾರಿಸುವುದು ಲೇಸು. ಕೊಯ್ಸಿದ ಹಲಗೆಯನ್ನು ನೆರಳಿನಲ್ಲಿ, ನಡುನಡುವೆ ರೀಪು ಇಟ್ಟು ಒಂದು ಬೇಸಿಗೆಯಾದರೂ ಒಣಗಿಸದೆ ಬಳಸಬೇಡಿ. ಅಡಿಕೆ ದಬ್ಬೆಯ ಪಟ್ಟಿಯನ್ನೂ ಪರೀಕ್ಷಿಸಿದೆವು. ಬಲಿತ ಮರದ ಹೊರಮೈ ಕಬ್ಬಿಣದಂತೆ ಗಟ್ಟಿ, ನೋಡಲೂ ಚೆಂದ. ಆದರೆ ತೂತು ಕೊರೆಯದೆ ಮೊಳೆ ಹೊಡೆದರೆ ನೀಳವಾಗಿ ಸೀಳುತ್ತದೆ. ತಾಳ್ಮೆಯುಳ್ಳವರು ಪ್ರಯತ್ನಿಸಬಹುದು.

ಇನ್ನು ಬಣ್ಣದ ವಿಷಯ. ಇದನ್ನು ದಯವಿಟ್ಟು ಹಗುರವಾಗಿ ಎಣಿಸಬಾರದು. ಹಳೆಯ ಎಣ್ಣೆ ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಭಾಗ ಮೀರಕೂಡದೆಂಬ ಕೇಂದ್ರ ಸರ್ಕಾರದ ನಿಯಮ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಳೆಯ ಬಾಗಿಲನ್ನು ಒಣಗಾಗಿ ಉಜ್ಜಿದರೆ ಎದ್ದ ಧೂಳು ಪಾತ್ರೆಗೂ ಹಿಟ್ಟಿನ ಡಬ್ಬಕ್ಕೂ ಸೇರುತ್ತದೆ. ಸಣ್ಣ ಮಕ್ಕಳ ಮಿದುಳಿಗೆ ಸೀಸದಷ್ಟು ಕೆಟ್ಟದ್ದು ಕಡಿಮೆ. ಬಾಗಿಲು ಕಳಚಿ ಅಂಗಳದಾಚೆಗೆ ಒಯ್ಯಿರಿ. ಮಕ್ಕಳನ್ನೂ ಬಸುರಿಯರನ್ನೂ ದೂರವಿಡಿ. ಮೊದಲು ವಾಷಿಂಗ್ ಸೋಡಾ ನೀರಿನಿಂದ ಜಿಡ್ಡು ತೊಳೆದು, ನೀರು ತಡೆಯುವ ಉಜ್ಜುಕಾಗದದಲ್ಲಿ ಒದ್ದೆಯಾಗಿಯೇ ಉಜ್ಜಿರಿ. ಬಾಯಿ ಮೂಗಿಗೆ ಮಾಸ್ಕ್ ಇರಲಿ. ಆ ಕೆಸರು ತರಕಾರಿ ಮಡಿಗಾಗಲಿ ಬಾವಿಯ ಕಡೆಗಾಗಲಿ ಹರಿಯಬಾರದು. ಹಳೆಯ ಬಣ್ಣ ಗಟ್ಟಿಯಾಗಿ ಹಿಡಿದಿದ್ದರೆ ಪೂರ್ತಿ ಕೆರೆಯುವ ಅಗತ್ಯವೂ ಇಲ್ಲ. ಹೊಳಪು ಹೋಗುವಷ್ಟು ಉಜ್ಜಿದರೆ ಸಾಕು. ಚೆನ್ನಾಗಿ ಒಣಗಿದ ಮೇಲೆ ಪಟ್ಟಿ, ಆಮೇಲೆ ಪ್ರೈಮರ್, ಎರಡು ಕೈ ಬಣ್ಣ. ಬಾಗಿಲಿನ ಹಿಂಬದಿಗೂ ಮೇಲು ಕೆಳಗಿನ ಅಂಚಿಗೂ ಬಣ್ಣ ಬೀಳಲಿ. ಕಾಣದ ಆ ಕೆಳಗಿನ ಅಂಚಿನಿಂದಲೇ ತೇವ ಒಳಹೋಗುವುದು.

ಎರಡನೆಯ ಸಲ ಆಚಾರಿಗೆ ಹಿಡಿದದ್ದು ಮೂರು ದಿನ. ಬಣ್ಣ ನಾವೇ ಹೊಡೆದೆವು. ಆಮೇಲೆ ಒಂದು ಮಳೆಗಾಲ ಕಳೆದಿದೆ. ಅಡ್ಡಪಟ್ಟಿಯ ತುದಿಯಲ್ಲಿ ಬಣ್ಣದ ಮೇಲೆ ಕೂದಲೆಳೆಯಷ್ಟು ಗೆರೆ ಬಿದ್ದದ್ದು ಬಿಟ್ಟರೆ ಬಾಗಿಲುಗಳು ನೆಟ್ಟಗಿವೆ. ಬಿಲ್ಲಿನಂತೆ ಬಾಗಿದ ಆ ಒಂದು ಬಾಗಿಲು ಸರಿಯಾಗಲಿಲ್ಲ. ಅದನ್ನೂ ಹೊಸ ಕ್ರಮದಲ್ಲಿ ಮಾಡಿದ ಒಂದು ಮಾದರಿಯನ್ನೂ ಸಂಘದ ಗೋದಾಮಿನ ಬಾಗಿಲ ಬಳಿ ಇಡಿಸಿದ್ದೇವೆ. ಸಂತೆಗೆ ಬಂದ ಸದಸ್ಯರು ಹಿಂಬದಿ ತಿರುಗಿಸಿ ಸ್ಕ್ರೂ ತೂತುಗಳನ್ನು ನೋಡಿಕೊಂಡು ಹೋಗಬಹುದು.