ಸ್ವರಕ್ಷಣೆಗೆ ರಿವಾಲ್ವರ್: ‘ಬೋರ್’ ನಿರ್ಧರಿಸುವುದು ಕಾನೂನು

ಮಧುಗಿರಿ: ಊರಿನಿಂದ ದೂರದ ತೋಟದ ಮನೆ, ಕಡಲೆಕಾಯಿ ಹೊಲಕ್ಕೆ ನುಗ್ಗುವ ಕಾಡುಹಂದಿ, ಬೆಟ್ಟದ ಬುಡದಲ್ಲಿ ಕರಡಿ, ಚಿರತೆ. ಮಧುಗಿರಿ ಉಪವಿಭಾಗದ ಮಧುಗಿರಿ, ಶಿರಾ, ಕೊರಟಗೆರೆ ಹಾಗೂ ಪಾವಗಡ ತಾಲ್ಲೂಕುಗಳಲ್ಲಿ ಬಂದೂಕು ಬೇಕೆನಿಸಲು ಕಾರಣಗಳಿಗೆ ಕೊರತೆಯಿಲ್ಲ. ಆದರೆ ಯಾವ ಬಂದೂಕು ಎಂಬ ಆಯ್ಕೆ ಬಹುಮಟ್ಟಿಗೆ ಅರ್ಜಿದಾರನ ಕೈಯಲ್ಲಿಲ್ಲ.

ನಳಿಗೆಯ ಒಳವ್ಯಾಸವನ್ನು ಸೂಚಿಸುವ ಅಳತೆಯೇ ‘ಬೋರ್’. ಸಿನಿಮಾಗಳಲ್ಲಿ ಮೆರೆಯುವ 9 ಎಂಎಂ ಪಿಸ್ತೂಲು, .38 ಹಾಗೂ .455 ರಿವಾಲ್ವರ್‌ಗಳು ‘ನಿಷೇಧಿತ ಬೋರ್’ ವರ್ಗಕ್ಕೆ ಸೇರಿದ್ದು, ಸಾಮಾನ್ಯರಿಗೆ ದೊರೆಯುವುದಿಲ್ಲ. ಉಳಿಯುವುದು ಮುಖ್ಯವಾಗಿ .32 ಮತ್ತು .22. ಇವೆರಡರಲ್ಲಿ ಸ್ವರಕ್ಷಣೆಗೆ .32 ಹೆಚ್ಚು ಸೂಕ್ತ; .22 ಗುಂಡಿನ ಬಲ ಕಡಿಮೆ.

ರಿವಾಲ್ವರ್‌ನಲ್ಲಿ ಸಾಮಾನ್ಯವಾಗಿ 6 ಗುಂಡು. ಒಂದು ಸಿಡಿಯದಿದ್ದರೆ ಮತ್ತೆ ಕುದುರೆ ಒತ್ತಿದಾಗ ಮುಂದಿನದು ಸರದಿಗೆ ಬರುತ್ತದೆ. ಪಿಸ್ತೂಲು ಚಪ್ಪಟೆ, ಮರುಭರ್ತಿ ಬೇಗ. ಆದರೆ ಗುಂಡು ಸಿಕ್ಕಿಕೊಂಡರೆ ಬಿಡಿಸಲು ಅಭ್ಯಾಸ ಬೇಕು. ಅಪರೂಪಕ್ಕೆ ಬಳಸುವವರಿಗೆ ರಿವಾಲ್ವರೇ ಮೇಲು. ಎರಡೂ .32 ಎನಿಸಿಕೊಂಡರೂ ಒಂದರ ಗುಂಡು ಇನ್ನೊಂದಕ್ಕೆ ಹೊಂದುವುದಿಲ್ಲ ಎಂಬುದು ಖರೀದಿಯ ವೇಳೆ ನೆನಪಿರಲಿ. ಕಾನ್ಪುರದ ಸರ್ಕಾರಿ ಕಾರ್ಖಾನೆ ಮಹಿಳೆಯರಿಗೆಂದು 2014ರಲ್ಲಿ ಹೊರತಂದ ‘ನಿರ್ಭೀಕ್’ ಕೂಡ .32 ರಿವಾಲ್ವರೇ. ತೂಕ ಸುಮಾರು 500 ಗ್ರಾಂ. ಆಗಿನ ಬೆಲೆ ಸುಮಾರು 1.22 ಲಕ್ಷ ರೂಪಾಯಿ!

ಕಾಡುಪ್ರಾಣಿಗಳ ಮಾತು ಬೇರೆ. ಕರಡಿಯನ್ನು ತಡೆಯಲು .32 ನಂಬುವಂಥದ್ದಲ್ಲ. ಅನುಮತಿಯಿಲ್ಲದೆ ಕಾಡುಹಂದಿಯನ್ನು ಕೊಂದರೂ 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಸೆಕ್ಷನ್ ರಕ್ಷಣೆ ಅಥವಾ ಬೆಳೆ ಕಾವಲಿಗೆ ಕನಿಷ್ಠ 20 ಇಂಚು ನಳಿಗೆಯ, ಒಳಗೆ ನುಣುಪಾದ ಬಂದೂಕನ್ನು ಹೇಳುತ್ತದೆ. ಬೆಳೆಗೆ ಸಾಕೆನಿಸಿದರೆ ಮದ್ದು ತುಂಬುವ ನಾಡಬಂದೂಕಿಗಷ್ಟೇ ಲೈಸೆನ್ಸ್. ರಿವಾಲ್ವರ್ ಕೇಳುವವರು ಅದಕ್ಕೆ ತಕ್ಕ ಕಾರಣ ತೋರಿಸಬೇಕು. ತೋಟದ ಮನೆಯವರಿಗೆ 12 ಬೋರ್ ಬಂದೂಕಿನ ಹಾದಿಯೇ ಸುಲಭ.

21 ವರ್ಷ ತುಂಬಿದವರು ತುಮಕೂರಿನಲ್ಲಿ ಜಿಲ್ಲಾಧಿಕಾರಿಗೆ ಅರ್ಜಿ ಸಲ್ಲಿಸಬೇಕು. ಪೊಲೀಸ್ ವರದಿ ಕಡ್ಡಾಯ. 2019ರ ತಿದ್ದುಪಡಿಯಂತೆ ಲೈಸೆನ್ಸ್ ಅವಧಿ 5 ವರ್ಷ, ಗರಿಷ್ಠ 2 ಬಂದೂಕು. ಮದುವೆ, ಜಾತ್ರೆಯ ಸಂಭ್ರಮಕ್ಕೆ ಅಜಾಗರೂಕತೆಯಿಂದ ಗುಂಡು ಹಾರಿಸಿದರೆ 2 ವರ್ಷದವರೆಗೆ ಸೆರೆವಾಸ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಜೀವ ಉಳಿಸಿಕೊಳ್ಳಲು ಹಾರಿಸಿದರೂ ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡಲು ಭಾರತೀಯ ನ್ಯಾಯ ಸಂಹಿತೆಯಲ್ಲಿ ಅವಕಾಶವಿಲ್ಲ. ಚುನಾವಣೆ ಘೋಷಣೆಯಾದಾಗ ಆಡಳಿತ ಆದೇಶಿಸಿದರೆ, ವಿನಾಯಿತಿ ಪಡೆಯದವರು ಬಂದೂಕನ್ನು ಠಾಣೆಗೆ ಒಪ್ಪಿಸಬೇಕು.