ಬೀಳದಿರಲು ನಡಿಗೆಯೊಂದೇ ಸಾಲದು

ರಾಜೇಶ್ವರದಲ್ಲಿ ಫಜ್ರ್ ಮುಗಿಸಿ ಹುಮನಾಬಾದ್ ರಸ್ತೆಯಲ್ಲಿ ನಡೆದು ಬರುವ ಹಿರಿಯರೇ, ನಡಿಗೆ ಹೃದಯಕ್ಕೆ ಒಳ್ಳೆಯದು. ಬೀಳದಂತೆ ಕಾಯಲು ಅದಷ್ಟೇ ಸಾಲದು. ಕಣ್ಣು, ಒಳಕಿವಿ, ಪಾದ ಮತ್ತು ಕೀಲುಗಳಿಂದ ಬರುವ ಸೂಚನೆಗಳನ್ನು ಕೂಡಿಸಿಯೇ ಮೆದುಳು ನಿಮ್ಮನ್ನು ನೆಟ್ಟಗೆ ನಿಲ್ಲಿಸುತ್ತದೆ. ವಯಸ್ಸಾದಂತೆ ಇವು ಮಂಕಾಗುತ್ತವೆ. ಸಕ್ಕರೆ ಕಾಯಿಲೆ ಹಳೆಯದಾದರೆ ಪಾದದ ಸ್ಪರ್ಶವೂ ಕುಂದಬಹುದು. ಒದ್ದೆ ಶಹಾಬಾದ್ ಕಲ್ಲಿನ ಮೇಲೆ ಒಂಟಿಕಾಲಲ್ಲಿ ನಿಂತು ವುಝೂಗೆ ಪಾದ ತೊಳೆಯುವಾಗ ಅಪಾಯ ಅಲ್ಲೇ ಇರುತ್ತದೆ. ಕುಳಿತು ತೊಳೆಯಿರಿ, ಅದರಲ್ಲಿ ನಾಚಿಕೆಯೇನಿಲ್ಲ.

ವ್ಯಾಯಾಮದಿಂದ ಹಿರಿಯರು ಬೀಳುವುದು ಸುಮಾರು ಶೇ. 23ರಷ್ಟು ತಗ್ಗುತ್ತದೆಂದು 2019ರ ಕಾಕ್ರೇನ್ ಪರಿಶೀಲನೆ ಹೇಳಿದೆ. ವಾರಕ್ಕೆ ಕನಿಷ್ಠ 3 ದಿನ ಗೋಡೆ ಹಿಡಿದು ಒಂದೊಂದೇ ಕಾಲಲ್ಲಿ 10 ಸೆಕೆಂಡು ನಿಲ್ಲಿ. ಸಾಧ್ಯವಾದರೆ ಕೈಯೂರದೆ ಕುರ್ಚಿಯಿಂದ ಎದ್ದು ಕೂರಿ. ತಲೆ ಸುತ್ತುವವರು ಮೊದಲು ವೈದ್ಯರನ್ನು ಕಾಣಿರಿ.