ಔಷಧಿಗೆ ಮೊದಲು ಹುಳದ ಫೋಟೋ



ನಿಮ್ಮ ಫೋನಿನಲ್ಲಿ ಮೊಮ್ಮಕ್ಕಳ ಫೋಟೋ ಇರುತ್ತದೆ, ಮದುವೆಯ ಫೋಟೋ ಇರುತ್ತದೆ, ಹೊಸದಾಗಿ ಕೊಂಡ ಆಕಳಿನ ಫೋಟೋ ಇರುತ್ತದೆ. ಅದರಲ್ಲಿ ಇನ್ನೊಂದು ಬಗೆಯ ಫೋಟೋಗೂ ಸ್ವಲ್ಪ ಜಾಗ ಮಾಡಿ ಎಂದು ಕೇಳಲು ಈ ಲೇಖನ ಬರೆಯುತ್ತಿದ್ದೇನೆ. ಅದು ಮನೆ, ಕೊಟ್ಟಿಗೆ ಮತ್ತು ತಿಪ್ಪೆಯ ಸುತ್ತ ಕಾಣುವ ಹುಳಗಳ ಫೋಟೋ.

"ಡಾಕ್ಟ್ರ, ಎಮ್ಮಿಗೆ ಹುಳ ಹತ್ಯಾವ್ರೀ, ಔಷಧಿ ಹೇಳ್ರಿ" ಎಂದು ಸಿದ್ದಾಪುರದ ಸುತ್ತಲಿನ ಊರುಗಳಿಂದ ಫೋನು ಬರುತ್ತಲೇ ಇರುತ್ತದೆ. ಎಂಥ ಹುಳ ಎಂದು ಕೇಳಿದರೆ "ಸಣ್ಣವು ಅದಾವ್ರೀ, ಕರ್ರಗ ಅದಾವ" ಎನ್ನುವುದಷ್ಟೇ ಉತ್ತರ. ಸಣ್ಣಗೆ ಕಪ್ಪಗೆ ಇರುವುದು ಉಣ್ಣೆ ಇರಬಹುದು, ಹೇನು ಇರಬಹುದು, ಕಚ್ಚುವ ನೊಣ ಇರಬಹುದು. ಉಣ್ಣೆಯಾದರೆ ಗೋಡೆಯ ಬಿರುಕಿಗೂ ಔಷಧಿ ಬೇಕು. ಹೇನಾದರೆ ದನದ ಮೈಗಷ್ಟೇ ಸಾಕು, ಏಕೆಂದರೆ ಹೇನು ಮೈಬಿಟ್ಟು ಇಳಿದು ಹೆಚ್ಚು ಕಾಲ ಬದುಕುವುದಿಲ್ಲ. ನೊಣವಾದರೆ ಮೊದಲು ತಿಪ್ಪೆ ಮತ್ತು ಹಸಿ ಹುಲ್ಲಿನ ಕಡೆ ನೋಡಬೇಕು. ಹುಳದ ಹೆಸರು ಗೊತ್ತಿಲ್ಲದೆ ಔಷಧಿಯ ಹೆಸರು ಹೇಳಲು ಬರುವುದಿಲ್ಲ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ನಮ್ಮದು ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಸೀಮೆ. ಬೆಳೆಗೆ ಹೊಡೆದು ಉಳಿದ ಔಷಧಿಯ ಬಾಟಲಿ ಮನೆಯ ಯಾವುದಾದರೂ ಮೂಲೆಯಲ್ಲಿ ಇದ್ದೇ ಇರುತ್ತದೆ. ಗದ್ದೆಯ ಹುಳವನ್ನು ಕೊಲ್ಲುವುದು ಕೊಟ್ಟಿಗೆಯ ಹುಳವನ್ನೂ ಕೊಂದೀತು ಎಂದು ಅದನ್ನೇ ನೀರಿಗೆ ಬೆರೆಸಿ ದನದ ಮೈಗೆ ಹಚ್ಚುವವರಿದ್ದಾರೆ. ದನ ಮೈ ನೆಕ್ಕಿಕೊಳ್ಳುತ್ತದೆ, ಚರ್ಮದ ಮೂಲಕವೂ ವಿಷ ಒಳಗೆ ಇಳಿಯುತ್ತದೆ. ಸ್ವಲ್ಪ ಹೊತ್ತಿನಲ್ಲೇ ಬಾಯಲ್ಲಿ ಜೊಲ್ಲು, ಕಣ್ಣಲ್ಲಿ ನೀರು, ಮೈ ನಡುಕ, ಭೇದಿ, ಏದುಸಿರು ಶುರುವಾಗುತ್ತವೆ. ಬೇಗ ತಿಳಿಸಿದರೆ ಕೆಲವು ವಿಷಗಳಿಗೆ ಮದ್ದು ಇದೆ. ಆದರೆ ಯಾವ ವಿಷ ಎಂದು ನಮಗೆ ಗೊತ್ತಾಗಬೇಕು. ಹಾಗಾಗಿ ಇಂಥ ಹೊತ್ತಿನಲ್ಲಿ ದನದ ಫೋಟೋಗಿಂತ ಮೊದಲು ಆ ಬಾಟಲಿಯ ಚೀಟಿಯ ಫೋಟೋ ಕಳಿಸಿ. ದನದ ಔಷಧಿಯೇ ಆದರೂ ಹಾಲು ಕೊಡುವ ದನಕ್ಕೆ ಎಲ್ಲವೂ ನಡೆಯುವುದಿಲ್ಲ. ಹಾಲಿನಲ್ಲಿ ಔಷಧಿಯ ಅಂಶ ಇಳಿಯುವ ದಿನಗಳು ಒಂದೊಂದಕ್ಕೆ ಒಂದೊಂದು ಲೆಕ್ಕ. ಅಂಗಡಿಯವನ ಮಾತು ಕೇಳಿ ಕೊಳ್ಳುವ ಮೊದಲು ನಮ್ಮನ್ನು ಕೇಳಿ.

ಇನ್ನು ಫೋಟೋ ತೆಗೆಯುವುದು. ಮೊದಲು ಸೆರಗಿನಿಂದಲೇ ಆಗಲಿ, ಕ್ಯಾಮೆರಾದ ಗಾಜನ್ನು ಒರೆಸಿಕೊಳ್ಳಿ. ನಮಗೆ ಬರುವ ಮಸುಕು ಫೋಟೋಗಳಲ್ಲಿ ಅರ್ಧಕ್ಕೆ ಕಾರಣ ಬೆಣ್ಣೆ, ಹಾಲಿನ ಜಿಡ್ಡು ಹತ್ತಿದ ಗಾಜು ಎಂಬುದು ನನ್ನ ಅನುಮಾನ. ಎರಡನೆಯದು, ಫೋನನ್ನು ಹುಳದ ಮೂಗಿಗೆ ಹಿಡಿಯಬೇಡಿ. ತೀರ ಹತ್ತಿರ ಹೋದರೆ ಕ್ಯಾಮೆರಾಕ್ಕೆ ಕಣ್ಣು ನಿಲ್ಲುವುದಿಲ್ಲ. ಒಂದು ಗೇಣು ದೂರದಲ್ಲಿ ಹಿಡಿದು, ಎರಡು ಬೆರಳಿನಿಂದ ಚಿತ್ರವನ್ನು ಸ್ವಲ್ಪ ಹಿಗ್ಗಿಸಿ, ಪರದೆಯ ಮೇಲೆ ಹುಳ ಇರುವಲ್ಲಿ ಒಮ್ಮೆ ಬೆರಳು ಮುಟ್ಟಿಸಿ, ಆಮೇಲೆ ಒತ್ತಿ. ಕೊಟ್ಟಿಗೆಯ ಕತ್ತಲಲ್ಲಿ ಫ್ಲ್ಯಾಶ್ ಹಾಕಿದರೆ ಉಣ್ಣೆ ಬರೀ ಹೊಳೆಯುವ ಕಾಳಿನಂತೆ ಕಾಣುತ್ತದೆ. ಬಿಳಿ ಕಾಗದದ ಮೇಲೋ ಬಿಳಿ ಡಬ್ಬದ ಮುಚ್ಚಳದಲ್ಲೋ ಹಾಕಿ ಬಾಗಿಲ ಬೆಳಕಿಗೆ ತನ್ನಿ. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯವನ್ನೋ ಬೆಂಕಿಕಡ್ಡಿಯನ್ನೋ ಇಟ್ಟರೆ ಅಳತೆ ತಿಳಿಯುತ್ತದೆ. ಬೆನ್ನಿನ ಕಡೆಯಿಂದ ಒಂದು, ಹೊಟ್ಟೆಯ ಕಡೆಯಿಂದ ಒಂದು, ದನದ ಮೈಮೇಲೆ ಎಲ್ಲಿತ್ತೋ ಆ ಜಾಗದ್ದೊಂದು, ಹೀಗೆ ಮೂರು ಫೋಟೋ ಸಾಕು. ಹಾರುವ ನೊಣ ಕೂರದಿದ್ದರೆ ಅರ್ಧ ನಿಮಿಷದ ವಿಡಿಯೋ ಮಾಡಿ. ದನ ಕಾಲು ಝಾಡಿಸುತ್ತಿದೆಯೋ, ಬಾಲ ಬೀಸುತ್ತಿದೆಯೋ, ಕಿವಿ ಆಡಿಸುತ್ತಿದೆಯೋ ಎಂಬುದರಲ್ಲೇ ಅರ್ಧ ಉತ್ತರ ಸಿಗುತ್ತದೆ.

ಫೋಟೋ ನೋಡಿ ನೀವೇ ಮಾಡಬಹುದಾದ ಮೊದಲ ಕೆಲಸ ಕಾಲು ಎಣಿಸುವುದು. ನೊಣ, ಹೇನು, ಇರುವೆ, ಜೀರುಂಡೆ ಎಲ್ಲಕ್ಕೂ ಆರು ಕಾಲು. ಉಣ್ಣೆಗೆ ಎಂಟು. ಜೇಡನಂತೆ ಅದೂ ಬೇರೆ ಕುಲ. ಹೇನೋ ಉಣ್ಣೆಯೋ ಎಂಬ ಜಗಳ ಇಲ್ಲಿಗೆ ತೀರುತ್ತದೆ. ಒಂದು ತೊಡಕಿದೆ: ಮೊಟ್ಟೆಯಿಂದ ಆಗಷ್ಟೇ ಬಂದ ಉಣ್ಣೆಮರಿಗೆ ಆರೇ ಕಾಲು. ಸಾಸಿವೆಗಿಂತ ಚಿಕ್ಕದಾಗಿ, ಹುಲ್ಲಿನ ತುದಿಯಲ್ಲೋ ದನದ ಕಿವಿಯಲ್ಲೋ ಗುಂಪಾಗಿ ಹರಿದಾಡುತ್ತಿದ್ದರೆ ಕಾಲೆಣಿಸುತ್ತ ಕೂರದೆ ನಮಗೆ ಕಳಿಸಿ.

ಉಣ್ಣೆಗಳಲ್ಲೂ ಎರಡು ಮುಖ್ಯ ಜಾತಿಗಳನ್ನು ನಾವು ಫೋಟೋದಲ್ಲಿ ಹುಡುಕುತ್ತೇವೆ. ಒಂದಕ್ಕೆ ಬಾಯಿ ಉದ್ದ, ಕಂದು ಕಾಲುಗಳ ಮೇಲೆ ಬಳೆ ತೊಟ್ಟಂತೆ ಬಿಳಿ ಪಟ್ಟೆಗಳಿರುತ್ತವೆ. ಇದಕ್ಕೆ ಹಯಲೊಮ್ಮ ಎಂದು ಹೆಸರು. ಮಿಶ್ರತಳಿ ಆಕಳುಗಳಿಗೆ ಥೈಲೇರಿಯಾ ರೋಗ ತರುವುದು ಇದೇ. ಜೋರು ಜ್ವರ ಬರುತ್ತದೆ, ಭುಜದ ಮುಂದೆ ಗಡ್ಡೆ ಊದಿಕೊಳ್ಳುತ್ತದೆ, ಕಣ್ಣಿನ ಒಳರೆಪ್ಪೆ ಬಿಳಿಚಿಕೊಳ್ಳುತ್ತದೆ, ಹಾಲು ಒಮ್ಮೆಗೇ ಇಳಿಯುತ್ತದೆ. ಇನ್ನೊಂದು ಉಣ್ಣೆಗೆ ಬಾಯಿ ಗಿಡ್ಡ, ಕಾಲು ತೆಳು ಬಣ್ಣದ್ದು, ಪಟ್ಟೆ ಇಲ್ಲ. ಇದು ತರುವ ಬೆಬಿಸಿಯಾದಲ್ಲಿ ಮೂತ್ರ ಕಾಫಿ ಬಣ್ಣಕ್ಕೆ ತಿರುಗುತ್ತದೆ. ಎರಡು ರೋಗಕ್ಕೂ ಮದ್ದು ಬೇರೆ ಬೇರೆ, ಥೈಲೇರಿಯಾದ ಮದ್ದಂತೂ ದುಬಾರಿ. ರೋಗ ಯಾವುದೆಂದು ಕೊನೆಗೆ ಹೇಳುವುದು ರಕ್ತ ಪರೀಕ್ಷೆಯೇ, ಫೋಟೋ ಅಲ್ಲ. ಆದರೆ ಪಟ್ಟೆ ಕಾಲಿನ ಉಣ್ಣೆ ನಿಮ್ಮ ಕೊಟ್ಟಿಗೆಯಲ್ಲಿದೆ ಎಂದು ಜ್ವರ ಬರುವ ಮೊದಲೇ ಗೊತ್ತಾದರೆ ಕರುವಿಗೆ ಲಸಿಕೆಯ ಮಾತಾಡಬಹುದು, ಗೋಡೆಯ ಬಿರುಕು ಮುಚ್ಚಬಹುದು. ರಕ್ತ ಕುಡಿದು ಹುಣಸೆ ಬೀಜದಷ್ಟು ಊದಿದ ಹೆಣ್ಣು ಉಣ್ಣೆ ಉದುರಿ ಬಿದ್ದು ಸಾವಿರಾರು ಮೊಟ್ಟೆ ಇಡುವುದು ಇಂಥ ಬಿರುಕುಗಳಲ್ಲೇ.

ಉಣ್ಣೆಯನ್ನು ಬರಿಗೈಯಿಂದ ಕಿತ್ತು ಉಗುರಿನಲ್ಲಿ ಹಿಸುಕುವ ರೂಢಿ ನಮ್ಮಲ್ಲಿದೆ. ದಯವಿಟ್ಟು ಬಿಡಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಸುತ್ತಲಿನ ಜನರಿಗೂ ಜ್ವರ ಹಬ್ಬಿದಾಗ, ಅದನ್ನು ದಾಟಿಸುತ್ತಿದ್ದುದು ಕಾಡಿನ ಉಣ್ಣೆ ಎಂದು ವಿಜ್ಞಾನಿಗಳು ಪತ್ತೆ ಹಚ್ಚಿದರು. ಅದೇ ಮಂಗನ ಕಾಯಿಲೆ. ಅದು ಮಲೆನಾಡಿನ ರೋಗ, ನಮ್ಮ ಬಯಲು ಸೀಮೆಯದಲ್ಲ. ಆದರೆ 2011ರಲ್ಲಿ ಗುಜರಾತಿನಲ್ಲಿ ಮನುಷ್ಯರ ಜೀವ ತೆಗೆದ ಕ್ರಿಮಿಯನ್-ಕಾಂಗೋ ಜ್ವರ ಹರಡುವುದು ಹಯಲೊಮ್ಮ ಕುಲದ ಉಣ್ಣೆಗಳಿಂದ. ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡೋ ಚಿಮಟದಿಂದಲೋ, ಚರ್ಮಕ್ಕೆ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ.

ನೊಣಗಳಲ್ಲಿ ಮನೆನೊಣ ಕಚ್ಚುವುದಿಲ್ಲ. ಹಾಲಿನ ಪಾತ್ರೆ, ಕೆಚ್ಚಲು, ಗಾಯಗಳ ಮೇಲೆ ಕೂತು ಕೊಳೆ ಹೊರುತ್ತದೆ ಅಷ್ಟೇ. ಅದರಂತೆಯೇ ಕಾಣುವ ಇನ್ನೊಂದಿದೆ. ಫೋಟೋ ಹಿಗ್ಗಿಸಿ ನೋಡಿದರೆ ತಲೆಯ ಮುಂದೆ ಸೂಜಿಯಂಥ ಬಾಯಿ ಚಾಚಿರುತ್ತದೆ. ಇದು ದನದ ಕಾಲಿಗೆ ಕಚ್ಚಿ ರಕ್ತ ಹೀರುತ್ತದೆ. ಗಂಜಲ ಬಿದ್ದು ಕೊಳೆತ ಭತ್ತದ ಹುಲ್ಲು ಇದರ ತವರುಮನೆ, ಗೋದಲಿಯ ಕೆಳಗಿನ ಹುಲ್ಲನ್ನು ವಾರಕ್ಕೆರಡು ಸಲ ಎಳೆದು ಒಣಗಿಸಿದರೆ ಅರ್ಧ ಕಾಟ ಕಡಿಮೆ. ಜೇನುಹುಳಕ್ಕಿಂತ ದಪ್ಪಗೆ, ದೊಡ್ಡ ಕಣ್ಣಿನ ನೊಣ ಕಾಲುವೆ ಬದಿಯಲ್ಲಿ ಮೇಯುವ ದನಗಳಿಗೆ ಮುತ್ತಿದರೆ ಅದು ಕುದುರೆ ನೊಣ, ಸರ್ರಾ ರೋಗ ದಾಟಿಸುವುದು ಅದು. 2022ರಲ್ಲಿ ರಾಜ್ಯದ ದನಗಳನ್ನು ಕಾಡಿದ ಚರ್ಮಗಂಟು ರೋಗವನ್ನು ನೀವು ಮರೆತಿರಲಿಕ್ಕಿಲ್ಲ. ಅದನ್ನು ದನದಿಂದ ದನಕ್ಕೆ ಹೊತ್ತದ್ದೂ ಇಂಥ ಕಚ್ಚುವ ನೊಣ, ಸೊಳ್ಳೆಗಳೇ.

ಗಾಯದಲ್ಲಿ ಹುಳ ಬಿದ್ದಿದ್ದರೆ ಅರಿಶಿನ ತುಂಬುವ ಮೊದಲು ಒಂದು ಫೋಟೋ ತೆಗೆಯಿರಿ. ಎಷ್ಟು ಆಳ, ಎಷ್ಟು ಹುಳ ಎಂದು ಆಮೇಲೆ ಕಾಣುವುದಿಲ್ಲ. ಕರುವಿನ ಹೊಕ್ಕುಳನ್ನೂ ಮರೆಯದೆ ನೋಡಿ.

ಇದು ನಿಮ್ಮ ಮೈಗೆ ಸಂಬಂಧಿಸಿದ್ದು. ಭತ್ತದ ಹಂಗಾಮಿನಲ್ಲಿ ಸಂಜೆ ಟ್ಯೂಬ್‌ಲೈಟಿಗೆ ಮುತ್ತುವ ಹುಳಗಳ ನಡುವೆ ಇರುವೆಯಂತೆ ಓಡಾಡುವ ಒಂದು ಹುಳವನ್ನು ಗುರುತಿಸಿಟ್ಟುಕೊಳ್ಳಿ. ಒಂದು ಸೆಂಟಿಮೀಟರಿಗಿಂತ ಚಿಕ್ಕದು, ಕಪ್ಪು ತಲೆ, ಕಿತ್ತಳೆ ಕುತ್ತಿಗೆ, ನಡುವೆ ಗಿಡ್ಡ ನೀಲಿ ರೆಕ್ಕೆಕವಚ, ಮತ್ತೆ ಕಿತ್ತಳೆ ಹೊಟ್ಟೆ, ತುದಿ ಕಪ್ಪು. ಇದು ಕಚ್ಚುವುದಿಲ್ಲ. ಮೈಮೇಲೆ ಹಿಸುಕಿದರೆ ಮಾತ್ರ ಅದರ ರಸ ಚರ್ಮವನ್ನು ಸುಡುತ್ತದೆ. ಮಾರನೆಯ ದಿನ ಬರೆ ಎಳೆದಂತೆ ಗುಳ್ಳೆ ಏಳುವುದರಿಂದ ಸರ್ಪಸುತ್ತು ಎಂದು ತಿಳಿದು ಹೆದರುವವರೂ ಇದ್ದಾರೆ. ಮೈಮೇಲೆ ಕೂತರೆ ಊದಿ ಹಾರಿಸಿ, ಆ ಜಾಗವನ್ನು ಸಾಬೂನಿನಲ್ಲಿ ತೊಳೆಯಿರಿ. ಇದನ್ನು ಹುಡುಕಿ ಕೊಲ್ಲುವುದು ಬೇಡ. ಗದ್ದೆಯಲ್ಲಿ ಜಿಗಿಹುಳವನ್ನು ತಿಂದು ನಮಗೆ ಉಪಕಾರ ಮಾಡುವುದೂ ಇದೇ.

ಹೀಗೆ ಉಪಕಾರಿಗಳ ಫೋಟೋವನ್ನೂ ತೆಗೆದಿಟ್ಟುಕೊಳ್ಳಿ. ಕೊಟ್ಟಿಗೆಯ ಚರಂಡಿಯಲ್ಲಿ ಉದ್ದ ಬಾಲದ ಬಿಳಿ ಹುಳ ಕಂಡು ಅಸಹ್ಯಪಟ್ಟು ಫಿನೈಲ್ ಸುರಿಯುತ್ತೇವೆ. ಅದು ಮುಂದೆ ಹೂವಿಗೆ ಹೋಗುವ ಸಾಧು ನೊಣವಾಗುತ್ತದೆ. ಸಗಣಿಯನ್ನು ಉಂಡೆ ಕಟ್ಟಿ ಉರುಳಿಸುವ, ಮಣ್ಣಿನೊಳಗೆ ಒಯ್ಯುವ ಜೀರುಂಡೆಗಳನ್ನು ನೋಡಿಯೇ ಇರುತ್ತೀರಿ. ಆಸ್ಟ್ರೇಲಿಯಾದಲ್ಲಿ ದನದ ಸಗಣಿಯನ್ನು ಕರಗಿಸಬಲ್ಲ ಜೀರುಂಡೆ ಸಾಕಷ್ಟು ಇರಲಿಲ್ಲ. ಹುಲ್ಲುಗಾವಲಲ್ಲಿ ಸಗಣಿ ಹಾಗೇ ಒಣಗಿ ನಿಂತು, ಅದರಲ್ಲಿ ನೊಣ ಹುಟ್ಟಿ ಜನ ಬೇಸತ್ತು, 1960ರ ದಶಕದಿಂದ ಅವರು ಆಫ್ರಿಕಾ ಮೊದಲಾದ ಕಡೆಯಿಂದ ಈ ಜೀರುಂಡೆಗಳನ್ನು ತರಿಸಿ ಬಿಟ್ಟರು. ನಮಗೆ ಅದು ಬಿಟ್ಟಿಯಾಗಿ ಸಿಕ್ಕಿದೆ.

ಫೋನಿನ ಗೂಗಲ್ ಲೆನ್ಸ್‌ಗೆ ತೋರಿಸಿದರೆ ಹೆಸರು ಹೇಳುತ್ತದಲ್ಲ ಎಂದು ನಿಮ್ಮ ಮಕ್ಕಳು ಹೇಳಬಹುದು. ಚಿಟ್ಟೆ, ಜೀರುಂಡೆಗೆ ಧಾರಾಳವಾಗಿ ಬಳಸಿ, ಮಕ್ಕಳಿಗೂ ಖುಷಿ. ಉಣ್ಣೆ, ನೊಣಗಳ ವಿಷಯದಲ್ಲಿ ಅದನ್ನು ನಂಬಿ ಔಷಧಿ ಕೊಳ್ಳಬೇಡಿ. ಬೆಳೆಯ ಹುಳವಾದರೆ ಗಂಗಾವತಿಯ ಕೃಷಿ ವಿಜ್ಞಾನ ಕೇಂದ್ರದವರು ನೋಡಿ ಹೇಳುತ್ತಾರೆ.

ವಾಟ್ಸಾಪಿನಲ್ಲಿ ಕಳಿಸುವಾಗ ಎಚ್‌ಡಿ ಎಂಬ ಗುರುತನ್ನು ಒತ್ತಿ ಕಳಿಸಿ, ಇಲ್ಲದಿದ್ದರೆ ಫೋಟೋ ಕುಗ್ಗಿ ಕಾಲಿನ ಪಟ್ಟೆ ಅಳಿಸಿಹೋಗುತ್ತದೆ. ಜೊತೆಗೆ ಊರು, ದನದ ಕಿವಿಯೋಲೆಯ 12 ಅಂಕಿ, ಎಷ್ಟು ದಿನದ ಗಬ್ಬ ಅಥವಾ ಎಷ್ಟು ಹಾಲು, ಜ್ವರ ಇದೆಯೋ ಇಲ್ಲವೋ, ಈಗಾಗಲೇ ಏನು ಹಚ್ಚಿದ್ದೀರಿ ಎಂಬುದನ್ನು ಬರೆಯಿರಿ. ಬರೆಯಲು ಬೇಸರವಾದರೆ ಧ್ವನಿಯಲ್ಲೇ ಹೇಳಿ. ದನ ಮೇವು ಬಿಟ್ಟು ಮಲಗಿದ್ದರೆ ಫೋಟೋ ತೆಗೆಯುತ್ತ ಹೊತ್ತು ಕಳೆಯದೆ 1962ಕ್ಕೆ ಫೋನು ಮಾಡಿ. ಆಸ್ಪತ್ರೆಗೆ ಬರುವ ದಿನ ನಾಲ್ಕು ಉಣ್ಣೆಗಳನ್ನು ಸ್ಯಾನಿಟೈಸರ್ ತುಂಬಿದ ಚಿಕ್ಕ ಬಾಟಲಿಗೆ ಹಾಕಿ ತಂದರೆ ಫೋಟೋಗಿಂತಲೂ ಚೆನ್ನಾಗಿ ನೋಡಬಹುದು. ಬಾಟಲಿಯ ಮೇಲೆ ನಿಮ್ಮ ಹೆಸರು, ತಾರೀಖು ಬರೆದ ಚೀಟಿ ಅಂಟಿಸಿ, ಮುಚ್ಚಳ ಬಿಗಿಯಾಗಿರಲಿ.